ಮಿಮೋಸ ಮರ ನಿಜವಾಗಲೂ ಮಲಗುತ್ತದಾ?

ನಮ್ಮ ಮನೆಯಂಗಳದಲ್ಲಿ ಒಂದು ಮಿಮೋಸ ಮರ ಇತ್ತು. ಆಟ ಮುಗಿಸಿ ಒಳಗೆ ಬರುವ ಹೊತ್ತನ್ನು ಹೇಳುತ್ತಿದ್ದದ್ದು ಆ ಮರವೇ. "ಮರ ಮಲಗುವಷ್ಟರಲ್ಲಿ ಒಳಗಿರಬೇಕು" ಅನ್ನುತ್ತಿದ್ದಳು ಅಮ್ಮ. ಗರಿಯಂಥ ಎಲೆಗಳು ಜೋಡಿ ಜೋಡಿಯಾಗಿ ಕೈ ಮುಗಿದ ಹಾಗೆ ಮಡಚಿಕೊಂಡವು ಅಂದರೆ ಆಟ ಮುಗಿಯಿತು. ಇನ್ನೂ ಬೆಳಕಿದೆ, ಚೆಂಡು ಕಾಣುತ್ತಿದೆ ಅಂತ ಎಷ್ಟು ವಾದ ಮಾಡಿದರೂ ನಡೆಯುತ್ತಿರಲಿಲ್ಲ. ಮಳೆ ಬಂದ ದಿನ ಮಾತ್ರ ನನಗೆ ತುಂಬಾ ಸಿಟ್ಟು ಬರುತ್ತಿತ್ತು. ಮಧ್ಯಾಹ್ನ ಮೂರಕ್ಕೇ ಎಲೆಗಳು ಮುದುಡಿಕೊಂಡಿರುತ್ತಿದ್ದವು, ಮಳೆ ನಿಂತ ಮೇಲೂ ಸ್ವಲ್ಪ ಹೊತ್ತು ಹಾಗೇ ಇರುತ್ತಿದ್ದವು, ಅಮ್ಮ ಕಿಟಕಿಯಿಂದ ಮರದ ಕಡೆ ಕೈ ತೋರಿಸುತ್ತಿದ್ದಳು. ಇದು ನಿಜವಾದ ನಿದ್ದೆ ಅಲ್ಲ, ಮಳೆಗೆ ಮುಚ್ಚಿದ್ದು ಅಷ್ಟೇ ಅಂತ ನಾನು ಹೇಳುತ್ತಿದ್ದೆ. ಅದು ಹೇಗೆ ಗೊತ್ತು ಅಂತ ಕೇಳಿದರೆ ಉತ್ತರ ಇರಲಿಲ್ಲ.

ಆ ಉತ್ತರ ಸಿಗಲು ಬಹಳ ವರ್ಷ ಬೇಕಾಯಿತು. ಇಂಥ ಮರ ಇದ್ದ ಮನೆಯಲ್ಲಿ ಬೆಳೆದವರ ಜೊತೆ ಮಾತಾಡಿದಾಗಲೆಲ್ಲ ಅವರಿಗೂ ಇದೇ ಪ್ರಶ್ನೆ ಇತ್ತು ಅಂತ ಗೊತ್ತಾಗುತ್ತದೆ. ಹಾಗಾಗಿ ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ಗೊಂದಲ ಬಿಡಿಸಬೇಕು. ಮಿಮೋಸ ಅಂದ ಕೂಡಲೇ ಒಬ್ಬೊಬ್ಬರ ಕಣ್ಣ ಮುಂದೆ ಒಂದೊಂದು ಗಿಡ ಬರುತ್ತದೆ. ನೆಲದ ಮೇಲೆ ಹರಡಿ, ಮುಟ್ಟಿದ ತಕ್ಷಣ ಮುದುಡುವ ಮುಟ್ಟಿದರೆ ಮುನಿ ಇದೆಯಲ್ಲ, ಸಸ್ಯಶಾಸ್ತ್ರದ ಪ್ರಕಾರ ನಿಜವಾದ ಮಿಮೋಸ ಅದು. ಅದರ ಪೂರ್ತಿ ಹೆಸರು ಮಿಮೋಸ ಪುಡಿಕಾ. ಯುರೋಪಿನ ಬಹಳ ಕಡೆ ಮಿಮೋಸ ಅಂದರೆ ಹಳದಿ ಉಂಡೆಯಂಥ ಹೂ ಬಿಡುವ ಅಕೇಶಿಯಾ ಡೀಲ್‌ಬಾಟಾ. ಅದರ ತವರು ಆಸ್ಟ್ರೇಲಿಯಾ. ಇಟಲಿಯಲ್ಲಿ 1946ರಿಂದ ಮಾರ್ಚ್ 8ರ ಮಹಿಳಾ ದಿನಕ್ಕೆ ಕೊಡುವ ಹೂ ಅದೇ. ನಾನು ಹೇಳುತ್ತಿರುವುದು ಮೂರನೆಯದು, ಗುಲಾಬಿ ಬಣ್ಣದ ಕುಚ್ಚಿನಂಥ ಹೂ ಬಿಡುವ, ಕೊಡೆಯ ಹಾಗೆ ಅಗಲಕ್ಕೆ ಹರಡುವ ಮರ. ಅದು ಆಲ್ಬಿಜಿಯಾ ಜೂಲಿಬ್ರಿಸಿನ್. ರೇಷ್ಮೆ ಮರ ಅಂತಲೂ ಕರೆಯುತ್ತಾರೆ.

ಹಾಗಾದರೆ ಅದಕ್ಕೆ ಮಿಮೋಸ ಅನ್ನುವ ಹೆಸರು ಯಾಕೆ ಅಂಟಿತು? ಹಿಂದೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಗಿಡಗಳಿಗೆ ಹೆಸರಿಡುತ್ತಿದ್ದ ಕಾಲದಲ್ಲಿ ಮಿಮೋಸ ಅನ್ನುವುದು ಬಹಳ ದೊಡ್ಡ ಗುಂಪು. ಗರಿಯಂಥ ಎಲೆ, ಉಂಡೆ ಅಥವಾ ಕುಚ್ಚಿನಂಥ ಹೂ ಇದ್ದ ಗಿಡಗಳನ್ನೆಲ್ಲ ಅದರೊಳಗೆ ಸೇರಿಸುತ್ತಿದ್ದರು. ನಮ್ಮ ಬಾಗೆ ಮರ, ಜಾಲಿ, ಮಳೆ ಮರ ಇವೆಲ್ಲ ಒಂದು ಕಾಲಕ್ಕೆ ಮಿಮೋಸಗಳೇ. ಆಮೇಲೆ ಒಂದೊಂದನ್ನೇ ಬೇರೆ ಬೇರೆ ಗುಂಪಿಗೆ ಹಾಕಿದರು. ಪುಸ್ತಕದಲ್ಲಿ ಹೆಸರು ಬದಲಾಯಿತು, ಜನರ ಬಾಯಲ್ಲಿ ಹಳೆಯದೇ ಉಳಿಯಿತು. ಮರ ಇಟ್ಟುಕೊಂಡವರು ಮಿಮೋಸ ಅಂದರೆ ತಪ್ಪು ಅಂತ ತಿದ್ದುವುದು ನನಗೆ ಸರಿ ಅನ್ನಿಸುವುದಿಲ್ಲ. ಸುಮಾರು ಇನ್ನೂರೈವತ್ತು ವರ್ಷ ಹಳೆಯ ಹೆಸರು ಅದು.

ಆಲ್ಬಿಜಿಯಾ ಅನ್ನುವುದು ಫಿಲಿಪ್ಪೋ ದೆಲಿ ಆಲ್ಬಿಟ್ಸಿ ಎಂಬ ಫ್ಲಾರೆನ್ಸಿನ ಶ್ರೀಮಂತನಿಂದ ಬಂದದ್ದು. 1749ರಲ್ಲಿ ಈ ಮರವನ್ನು ಇಟಲಿಗೆ ತಂದವನು ಅವನು. ಜೂಲಿಬ್ರಿಸಿನ್ ಅನ್ನುವುದು ಫಾರ್ಸಿಯ ಗುಲ್-ಎ-ಅಬ್ರಿಶಮ್, ಅಂದರೆ ರೇಷ್ಮೆ ಹೂ, ಯುರೋಪಿನವರ ನಾಲಿಗೆಯಲ್ಲಿ ಹೊರಳಿ ಆದ ರೂಪ. ಇರಾನಿನಿಂದ ಚೀನಾ, ಕೊರಿಯಾ, ಜಪಾನಿನ ತನಕ ಇದರ ಸಹಜ ನೆಲೆ. ಅಲ್ಲಿಯ ಹೆಸರುಗಳು ನನಗೆ ಬಹಳ ಇಷ್ಟ. ಫಾರ್ಸಿಯಲ್ಲಿ ಇದಕ್ಕೆ ರಾತ್ರಿ ಮಲಗುವ ಮರ ಅನ್ನುವ ಅರ್ಥದ ಹೆಸರಿದೆ. ಜಪಾನಿನಲ್ಲಿ ನೆಮು-ನೋ-ಕಿ, ಅದೂ ನಿದ್ದೆಯ ಮರವೇ. ಚೀನೀ ಭಾಷೆಯ ಹೆಸರಿಗೆ ಕೂಡಿ ನಲಿಯುವುದು ಅನ್ನುವ ಅರ್ಥ. ರಾತ್ರಿ ಎರಡೆರಡು ಎಲೆ ಒಂದನ್ನೊಂದು ಸೇರುವುದನ್ನು ನೋಡಿ ಇಟ್ಟ ಹೆಸರದು. ಅಮ್ಮ ಇದ್ಯಾವುದನ್ನೂ ಓದಿರಲಿಲ್ಲ. ಆದರೂ ಅವಳ ಬಾಯಲ್ಲಿ ಬಂದದ್ದು ಮರ ಮಲಗಿತು ಅನ್ನುವ ಮಾತೇ.

ಈಗ ಎಲೆಗೆ ಬರೋಣ. ಚಿಕ್ಕವರಿದ್ದಾಗ ನಾವು ಎಲೆ ಅಂತ ಕಿತ್ತು, ಉಗುರಷ್ಟೂ ಇಲ್ಲದ ಆ ಚೂರುಗಳನ್ನು ಕೈತುಂಬ ಮಾಡಿಕೊಂಡು ಒಬ್ಬರ ಮೇಲೊಬ್ಬರು ಎರಚುತ್ತಿದ್ದೆವು. ಅವು ಎಲೆಗಳಲ್ಲ, ಒಂದು ದೊಡ್ಡ ಎಲೆಯ ಕಿರುಎಲೆಗಳು. ಒಂದು ಪೂರ್ತಿ ಎಲೆ 20ರಿಂದ 45 ಸೆಂಟಿಮೀಟರ್ ಉದ್ದ ಇರುತ್ತದೆ. ನಡುವೆ ಒಂದು ದಂಟು, ಅದರ ಎರಡೂ ಬದಿಗೆ 6ರಿಂದ 12 ಜೋಡಿ ಸಣ್ಣ ದಂಟು, ಪ್ರತಿ ಸಣ್ಣ ದಂಟಿಗೆ 20ರಿಂದ 30 ಜೋಡಿ ಕಿರುಎಲೆ. ಹತ್ತು ಜೋಡಿ ದಂಟು, ಒಂದೊಂದರಲ್ಲಿ ಇಪ್ಪತ್ತೈದು ಜೋಡಿ ಅಂತ ಲೆಕ್ಕ ಹಾಕಿ ನೋಡಿ, ಒಂದೇ ಎಲೆಯಲ್ಲಿ 1000 ಕಿರುಎಲೆ ಆಯಿತು. ಪ್ರತಿಯೊಂದರ ಬುಡದಲ್ಲೂ ಒಂದು ಪುಟ್ಟ ಕೀಲು ಇದೆ. ಸಣ್ಣ ದಂಟುಗಳ ಬುಡದಲ್ಲಿ ಇನ್ನಷ್ಟು ಕೀಲು, ದೊಡ್ಡ ದಂಟು ಕೊಂಬೆಗೆ ಸೇರುವ ಕಡೆ ಇನ್ನೊಂದು ದಪ್ಪ ಕೀಲು. ಇದಕ್ಕೆ ಪಲ್ವೈನಸ್ ಅಂತ ಹೆಸರು. ದಂಟಿನ ಬುಡದಲ್ಲಿ ಬೆರಳಾಡಿಸಿದರೆ ಸ್ವಲ್ಪ ಉಬ್ಬಿದ ಗಂಟಿನ ಹಾಗೆ ಸಿಗುತ್ತದೆ.

ಎಲ್ಲ ಕೆಲಸ ನಡೆಯುವುದು ಈ ಕೀಲಿನಲ್ಲಿ. ಗಿಡಕ್ಕೆ ಸ್ನಾಯು ಇಲ್ಲ, ಎಳೆಯುವ ನರ ಇಲ್ಲ. ಮತ್ತೆ ಎಲೆ ಮಡಚುವುದು ಹೇಗೆ? ಎರಡು ಉದ್ದ ಬಲೂನುಗಳನ್ನು ಅಕ್ಕಪಕ್ಕ ಇಟ್ಟು ಸೇರಿಸಿ ಕಟ್ಟಿದ್ದೀರಿ ಅಂದುಕೊಳ್ಳಿ. ಒಂದರ ಗಾಳಿ ಸ್ವಲ್ಪ ಬಿಟ್ಟು ಇನ್ನೊಂದಕ್ಕೆ ಜಾಸ್ತಿ ತುಂಬಿದರೆ ಜೋಡಿ ಬಾಗುತ್ತದೆ, ಅಲ್ವಾ? ಕೀಲಿನ ಎರಡು ಬದಿಯ ಜೀವಕೋಶಗಳು ಹೀಗೇ. ತುಂಬುವುದು ಮಾತ್ರ ಗಾಳಿಯಲ್ಲ, ನೀರು. ತೆರೆಯುವ ಬದಿಯ ಕೋಶಗಳು ನೀರು ತುಂಬಿ ಬಿಗಿಯಾಗಿದ್ದರೆ ಎಲೆ ಹರಡಿ ನಿಲ್ಲುತ್ತದೆ. ಸಂಜೆ ಅವು ನೀರು ಬಿಟ್ಟು ಸೊರಗುತ್ತವೆ, ಮುಚ್ಚುವ ಬದಿಯ ಕೋಶಗಳು ಉಬ್ಬುತ್ತವೆ, ಕಿರುಎಲೆ ಮಡಚುತ್ತದೆ.

ನೀರು ತಾನಾಗಿ ಆ ಕಡೆಯಿಂದ ಈ ಕಡೆ ಓಡುವುದಿಲ್ಲ. ಹೆಚ್ಚಿದ ಸೌತೆಕಾಯಿಗೆ ಉಪ್ಪು ಹಾಕಿ ಇಟ್ಟರೆ ನೀರು ಬಿಡುತ್ತದಲ್ಲ, ಆ ಸಂಗತಿಯೇ ಇಲ್ಲೂ ನಡೆಯುವುದು. ಉಪ್ಪು ಎಲ್ಲಿ ಜಾಸ್ತಿಯೋ ನೀರು ಅಲ್ಲಿಗೆ ಹೋಗುತ್ತದೆ. ಕೀಲಿನ ಕೋಶಗಳು ಪೊಟ್ಯಾಸಿಯಂ ಲವಣವನ್ನು ಹೊರಗೆ ಬಿಡುತ್ತವೆ ಅಥವಾ ಒಳಗೆ ಎಳೆದುಕೊಳ್ಳುತ್ತವೆ, ಅದರ ಹಿಂದೆಯೇ ನೀರು. 1971ರಲ್ಲಿ ರೂತ್ ಸ್ಯಾಟರ್ ಮತ್ತು ಆರ್ಥರ್ ಗ್ಯಾಲ್‌ಸ್ಟನ್ ಎಂಬ ವಿಜ್ಞಾನಿಗಳು ಇದನ್ನು ತೋರಿಸಿದರು. ಅವರು ಪ್ರಯೋಗಕ್ಕೆ ತೆಗೆದುಕೊಂಡದ್ದು ಇದೇ ಆಲ್ಬಿಜಿಯಾ ಮರದ ಕಿರುಎಲೆಗಳನ್ನು. ಅದನ್ನು ಓದಿದಾಗ ನನಗೆ ಆದ ಸಂತೋಷ ಹೇಳಲಾರೆ. ನಾನು ಕೊಂಬೆಯ ಮೇಲೆ ಕೂತು ದಿಟ್ಟಿಸುತ್ತಿದ್ದದ್ದನ್ನೇ ಯಾರೋ ಪ್ರಯೋಗಾಲಯದಲ್ಲಿ ಕೂತು ಅಷ್ಟೇ ಆಸೆಯಿಂದ ನೋಡಿದ್ದಾರೆ.

ಸರಿ, ಹೇಗೆ ಮಡಚುತ್ತದೆ ಅಂತ ಆಯಿತು. ಯಾವಾಗ ಮಡಚಬೇಕು ಅಂತ ಗೊತ್ತಾಗುವುದು ಹೇಗೆ? ಕತ್ತಲಾದಾಗ ಅನ್ನುವುದು ಸುಲಭದ ಉತ್ತರ, ಆದರೆ ಅದು ಪೂರ್ತಿ ಸರಿಯಲ್ಲ. ಚಿಕ್ಕಂದಿನಲ್ಲೇ ನನಗೆ ಅನುಮಾನ ಇತ್ತು, ಯಾಕೆಂದರೆ ಎಲೆ ಮುಚ್ಚಲು ಶುರುವಾಗುವ ಹೊತ್ತಿಗೆ ಇನ್ನೂ ಚೆನ್ನಾಗಿ ಬೆಳಕಿರುತ್ತಿತ್ತು. ಒಂದು ರಾತ್ರಿ ಟಾರ್ಚ್ ತೆಗೆದುಕೊಂಡು ಹೋಗಿ, ಮುಚ್ಚಿದ ಎಲೆಗೆ ತೋಳು ನೋಯುವ ತನಕ ಬೆಳಕು ಬಿಟ್ಟೆ. ತೆರೆಯಲಿಲ್ಲ.

ನನ್ನ ಟಾರ್ಚಿಗಿಂತ ಒಳ್ಳೆಯ ಪ್ರಯೋಗವನ್ನು 1729ರಲ್ಲೇ ಒಬ್ಬರು ಮಾಡಿದ್ದರು. ಫ್ರಾನ್ಸಿನ ಜಾನ್ ಜಾಕ್ ದ ಮೇರಾನ್. ಆತ ಖಗೋಳ ವಿಜ್ಞಾನಿ, ಗಿಡದವನಲ್ಲ. ಮುಟ್ಟಿದರೆ ಮುನಿಯ ಥರದ ಒಂದು ಗಿಡವನ್ನು ಬೆಳಕೇ ಬರದ ಕಡೆ ಇಟ್ಟು ನೋಡಿದ. ಕತ್ತಲಿಂದಲೇ ಮುಚ್ಚುವುದಾದರೆ ಅದು ಮುಚ್ಚಿಯೇ ಇರಬೇಕಿತ್ತು. ಹಾಗಾಗಲಿಲ್ಲ. ಹೊರಗೆ ಬೆಳಗಾದಾಗ ಎಲೆ ತೆರೆಯಿತು, ಸಂಜೆಯಾದಾಗ ಮುಚ್ಚಿತು, ಸೂರ್ಯನನ್ನು ನೋಡದೆಯೇ. ಆಮೇಲೆ 1832ರಲ್ಲಿ ದ ಕಂಡೋಲ್ ಎಂಬ ಸಸ್ಯವಿಜ್ಞಾನಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಒಂದೇ ಸಮನಾದ ಬೆಳಕಿನಲ್ಲಿ ಇಟ್ಟರೆ ಆ ಗಿಡದ ದಿನ 24 ಗಂಟೆ ಇರುವುದಿಲ್ಲ, 22ರಿಂದ 23 ಗಂಟೆ ಮಾತ್ರ ಅಂತ ಗೊತ್ತಾಯಿತು. ಈ ಸಣ್ಣ ವ್ಯತ್ಯಾಸವೇ ದೊಡ್ಡ ಸುಳಿವು. ಹೊರಗಿನ ಯಾವುದೋ ಗುಟ್ಟಿನ ಸೂಚನೆ ಗಿಡಕ್ಕೆ ಸಿಗುತ್ತಿದ್ದರೆ ದಿನ ಸರಿಯಾಗಿ 24 ಗಂಟೆಯೇ ಆಗಬೇಕಿತ್ತು. ಸ್ವಲ್ಪ ಮುಂದೆ ಓಡುವ ಗಡಿಯಾರ ಅಂದರೆ ಅದು ಗಿಡದ ಸ್ವಂತದ್ದು.

ದಿನಾ ಬೆಳಗಿನ ಬೆಳಕು ಆ ಗಡಿಯಾರದ ಮುಳ್ಳನ್ನು ಸರಿಮಾಡಿಡುತ್ತದೆ, ಅಷ್ಟೇ. ನಡೆಸುವುದು ಬೆಳಕಲ್ಲ. ಕೀಲನ್ನು ಮಾತ್ರ ಎಲೆಯಿಂದ ಕತ್ತರಿಸಿ ಕತ್ತಲಲ್ಲಿಟ್ಟರೂ ಅದು ತೆರೆದು ಮುಚ್ಚುವ ಲಯ ಬಿಡುವುದಿಲ್ಲ. ಅಂದರೆ ಗಡಿಯಾರ ಇರುವುದು ಮರದ ಯಾವುದೋ ಒಂದು ಮೂಲೆಯಲ್ಲಲ್ಲ, ಪ್ರತಿ ಕೀಲಿನಲ್ಲೂ. ಒಂದು ಎಲೆಯಲ್ಲಿ ಸಾವಿರ ಕಿರುಎಲೆ ಅಂದೆನಲ್ಲ, ಸಾವಿರ ಗಡಿಯಾರ ಅಂತಲೇ ಇಟ್ಟುಕೊಳ್ಳಿ. ನಮ್ಮ ದೇಹದೊಳಗೂ ಇಂಥದೇ ದಿನದ ಗಡಿಯಾರ ಇದೆ. ಅದರ ಜೀನುಗಳು ಹೇಗೆ ಕೆಲಸ ಮಾಡುತ್ತವೆ ಅಂತ ಹಣ್ಣಿನ ನೊಣಗಳಲ್ಲಿ ಕಂಡುಹಿಡಿದದ್ದಕ್ಕೆ 2017ರಲ್ಲಿ ಮೂವರಿಗೆ ನೊಬೆಲ್ ಬಂತು. ಆ ಕತೆ ಹೇಳುವವರು ಬಹಳ ಸಲ ದ ಮೇರಾನನ ಗಿಡದಿಂದಲೇ ಶುರು ಮಾಡುತ್ತಾರೆ.

ಇನ್ನು ಮಳೆಯ ವಿಷಯ. ಮಳೆ ಬಂದಾಗ ಈ ಮರದ ಎಲೆ ನಿಧಾನವಾಗಿ ಮುಚ್ಚುವುದು ನಿಜ. ಆದರೆ ಅದು ಗಡಿಯಾರದ ಕೆಲಸವಲ್ಲ, ಆ ಹೊತ್ತಿನ ಹವೆಗೆ ಕೊಟ್ಟ ಉತ್ತರ. ಕೀಲು ಅದೇ, ನೀರಿನ ಓಡಾಟವೂ ಅದೇ, ಅಪ್ಪಣೆ ಕೊಟ್ಟವರು ಬೇರೆ. ಮುಟ್ಟಿದರೆ ಮುನಿಯಲ್ಲಿ ಇವೆರಡರ ಜೊತೆ ಮೂರನೆಯ ಅಪ್ಪಣೆಯೂ ಇದೆ, ಸ್ಪರ್ಶದ್ದು. ಮುಟ್ಟಿದ ಜಾಗದಿಂದ ವಿದ್ಯುತ್ ಸಂಕೇತ ಹೊರಟು ಕೀಲುಗಳಿಗೆ ತಲುಪುತ್ತದೆ, ಸೆಕೆಂಡುಗಳಲ್ಲಿ ಎಲೆ ಮುದುಡುತ್ತದೆ. ಜಗದೀಶಚಂದ್ರ ಬೋಸ್ ಈ ಗಿಡದ ವಿದ್ಯುತ್ ಸಂಕೇತಗಳನ್ನು ನೂರು ವರ್ಷದ ಹಿಂದೆಯೇ ಅಳೆದಿದ್ದರು. ನಮ್ಮ ಮಿಮೋಸ ಮರದಲ್ಲಿ ಆ ವೇಗ ಇಲ್ಲ. ನಾನು ಎಷ್ಟೋ ಮಧ್ಯಾಹ್ನ ಎಲೆಯನ್ನು ಬೆರಳಿಂದ ತಟ್ಟಿ ತಟ್ಟಿ ಕಾದಿದ್ದೇನೆ, ಅದು ಹಾಗೇ ಹರಡಿಕೊಂಡಿರುತ್ತಿತ್ತು.

ಹಾಗಾಗಿ ಅಮ್ಮನ ಜೊತೆ ಮಾಡುತ್ತಿದ್ದ ಆ ವಾದದಲ್ಲಿ ನಾನು ಹೇಳಿದ್ದೇ ಸರಿ. ಮಳೆಗೆ ಮುಚ್ಚುವುದೂ ಸಂಜೆಗೆ ಮುಚ್ಚುವುದೂ ಒಂದೇ ಅಲ್ಲ. ಹಾಗಂತ ಅಮ್ಮನದ್ದೂ ತಪ್ಪಲ್ಲ, ನೋಡುವವರ ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ.

ಇದನ್ನು ನಿದ್ದೆ ಅನ್ನಬಹುದಾ? ಲಿನೇಯಸ್ 1755ರಲ್ಲಿ ಗಿಡಗಳ ನಿದ್ದೆ ಅಂತಲೇ ಬರೆದ. ಆದರೆ ನಮ್ಮ ನಿದ್ದೆಯಲ್ಲಿ ಮೈ ಸಡಿಲವಾಗುತ್ತದೆ. ಇಲ್ಲಿ ಎಲೆ ಸುಮ್ನೆ ಜೋತು ಬೀಳುವುದಿಲ್ಲ, ಒಂದು ಬದಿಗೆ ನೀರು ತುಂಬಿಸಿ ಮಡಚಿ ಹಿಡಿದುಕೊಳ್ಳುತ್ತದೆ. ಅದು ಕೆಲಸ, ವಿಶ್ರಾಂತಿ ಅಲ್ಲ. ಈ ಕೆಲಸದಿಂದ ಮರಕ್ಕೆ ಏನು ಲಾಭ ಅನ್ನುವುದರ ಬಗ್ಗೆ ಮಾತ್ರ ಇನ್ನೂ ಒಮ್ಮತ ಇಲ್ಲ. ಡಾರ್ವಿನ್ ತನ್ನ ಮಗ ಫ್ರಾನ್ಸಿಸ್ ಜೊತೆ ಸೇರಿ ಕೆಲವು ಗಿಡಗಳ ಎಲೆಗಳನ್ನು ಮುಚ್ಚದ ಹಾಗೆ ಪಿನ್ನಿನಿಂದ ಸಿಕ್ಕಿಸಿ ಚಳಿಯ ರಾತ್ರಿಯಲ್ಲಿ ಹೊರಗಿಟ್ಟ. ಸಿಕ್ಕಿಸಿದ ಎಲೆಗಳು ಚಳಿಗೆ ಜಾಸ್ತಿ ಹಾಳಾದವು. ಮಡಚಿಕೊಂಡರೆ ಬಿಸಿ ಕಡಿಮೆ ಕಳೆಯುತ್ತದೆ ಅಂತ 1880ರಲ್ಲಿ ಬರೆದ. ಎರ್ವಿನ್ ಬ್ಯೂನಿಂಗ್ ಎಂಬ ಜರ್ಮನ್ ವಿಜ್ಞಾನಿ ಬೇರೆ ಹೇಳಿದ. ಬೆಳದಿಂಗಳು ಬಿದ್ದರೆ ಗಿಡ ರಾತ್ರಿಯ ಉದ್ದ ಅಳೆಯುವುದರಲ್ಲಿ ತಪ್ಪಬಹುದು, ಅದನ್ನು ತಪ್ಪಿಸಲು ಎಲೆ ಮಡಚುತ್ತದೆ ಅಂತ. ಹುಳುಗಳಿಂದ ತಪ್ಪಿಸಿಕೊಳ್ಳಲು ಅನ್ನುವವರೂ ಇದ್ದಾರೆ. 2022ರಲ್ಲಿ ಜಪಾನಿನ ವಿಜ್ಞಾನಿಗಳು ಕೀಲೇ ಇಲ್ಲದ, ಅಲುಗಾಡದ ಮುಟ್ಟಿದರೆ ಮುನಿಗಳನ್ನು ಬೆಳೆಸಿ ಕೀಟಗಳನ್ನು ಬಿಟ್ಟರು. ಅಲುಗಾಡುವ ಗಿಡಕ್ಕಿಂತ ಅಲುಗಾಡದ ಗಿಡವನ್ನು ಅವು ಜಾಸ್ತಿ ತಿಂದವು. ಅದು ಮುಟ್ಟಿದಾಗಿನ ಚಲನೆಯ ಲೆಕ್ಕ, ರಾತ್ರಿಯದ್ದಲ್ಲ. ಆದರೂ ಎಲೆ ಅಲುಗಾಡುವುದರಿಂದ ಗಿಡಕ್ಕೆ ಪ್ರಯೋಜನ ಇದೆ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ.

ಹೂವಿನ ಬಗ್ಗೆ ಹೇಳದಿದ್ದರೆ ಈ ಮರಕ್ಕೆ ಮೋಸ ಮಾಡಿದ ಹಾಗೆ. ಬಿದ್ದ ಹೂ ಹೆಕ್ಕಿ ಒಬ್ಬರ ಕೆನ್ನೆಗೊಬ್ಬರು ಸವರಿ ಕಚಗುಳಿ ಇಡುತ್ತಿದ್ದೆವು. ಪೌಡರ್ ಹಚ್ಚುವ ಪಫ್ ಥರ ಮೆತ್ತಗೆ, ಬುಡ ಬಿಳಿ, ತುದಿ ಗುಲಾಬಿ. ಆ ದಾರಗಳು ದಳಗಳಲ್ಲ. ಅವು ಕೇಸರಗಳು, ಪರಾಗ ಹೊರುವ ಎಳೆಗಳು. ದಳಗಳು ಬುಡದಲ್ಲಿ ಅಡಗಿರುತ್ತವೆ, ಹುಡುಕಿದರೆ ಮಾತ್ರ ಕಾಣುತ್ತವೆ. ಒಂದು ಕುಚ್ಚು ಒಂದು ಹೂವೂ ಅಲ್ಲ, ಬಹಳಷ್ಟು ಸಣ್ಣ ಹೂಗಳು ಒಟ್ಟಿಗೆ ಕೂತ ಗೊಂಚಲು. ಇನ್ನೊಂದು ಚಂದದ ವಿಷಯ, ಹೊಸ ಹೂಗಳು ಅರಳುವುದು ಸಂಜೆ. ಎಲೆ ಮಡಚುವ ಹೊತ್ತಿಗೇ ಹೂ ಬಿಚ್ಚಿಕೊಳ್ಳುತ್ತದೆ, ತಿಳಿಯಾದ ಸಿಹಿ ವಾಸನೆ ಹರಡುತ್ತದೆ, ಪತಂಗಗಳು ಬರುತ್ತವೆ. ಅಮ್ಮ ಮರ ಮಲಗಿತು ಅನ್ನುವಾಗ ಮರದ ಅರ್ಧ ಭಾಗ ಎದ್ದು ಕೂತಿರುತ್ತಿತ್ತು.

ಅಂಗಳದಲ್ಲಿ ನೆಡಬೇಕು ಅಂದುಕೊಂಡವರಿಗೆ ಕೆಲವು ಮಾತು ಹೇಳಲೇಬೇಕು. ಬೇಗ ಬೆಳೆಯುತ್ತದೆ, ನೆರಳು ಹಗುರ, ಕೊಂಬೆಗಳು ತಗ್ಗಿನಲ್ಲೇ ಕವಲೊಡೆಯುವುದರಿಂದ ಮಕ್ಕಳಿಗೆ ಹತ್ತಲು ಇಂಥ ಇನ್ನೊಂದು ಮರ ಇಲ್ಲ. ಆದರೆ ಕಟ್ಟಿಗೆ ಗಟ್ಟಿಯಲ್ಲ, ಜೋರು ಗಾಳಿಗೆ ಕೊಂಬೆ ಸೀಳುತ್ತದೆ. ಚಳಿಗಾಲದಲ್ಲಿ ಎಲೆ ಉದುರಿಸಿದರೆ ಮತ್ತೆ ಚಿಗುರುವುದು ಬಹಳ ತಡ. ಸುತ್ತಲಿನ ಮರಗಳೆಲ್ಲ ಹಸಿರಾದ ಮೇಲೂ ಇದು ಬೋಳಾಗಿ ನಿಂತಿರುವುದನ್ನು ನೋಡಿ ಸತ್ತಿತು ಅಂತ ಕಡಿಸಿಬಿಡಬೇಡಿ. ಕಾಯಿ ಮತ್ತು ಬೀಜದಲ್ಲಿ ವಿಷದ ಅಂಶ ಇದೆ. ಮಕ್ಕಳು, ಸಾಕುಪ್ರಾಣಿಗಳು ತಿನ್ನದ ಹಾಗೆ ನೋಡಿಕೊಳ್ಳಿ. ಇನ್ನೊಂದು ಮುಖ್ಯ ವಿಷಯ, ತನ್ನ ಸಹಜ ನೆಲೆ ಬಿಟ್ಟು ಹೋದ ಕಡೆ ಇದು ಹದ್ದು ಮೀರಿ ಹರಡಬಲ್ಲದು. 1785ರಲ್ಲಿ ಆಂದ್ರೆ ಮಿಶೋ ಎಂಬ ಫ್ರೆಂಚ್ ಸಸ್ಯವಿಜ್ಞಾನಿ ಇದನ್ನು ಅಮೆರಿಕಕ್ಕೆ ಒಯ್ದ. ಈಗ ಅಲ್ಲಿಯ ಆಗ್ನೇಯ ರಾಜ್ಯಗಳಲ್ಲಿ ರಸ್ತೆ ಬದಿ, ಹೊಳೆ ದಂಡೆಯಲ್ಲೆಲ್ಲ ತಾನಾಗಿ ಬೆಳೆದು ಸ್ಥಳೀಯ ಗಿಡಗಳ ಜಾಗ ಹಿಡಿದಿದೆ. ನಿಮ್ಮ ಕಡೆ ಇದನ್ನು ಕಳೆಗಿಡದ ಪಟ್ಟಿಗೆ ಸೇರಿಸಿದ್ದರೆ, ಎಷ್ಟೇ ಪ್ರೀತಿ ಇದ್ದರೂ ನೆಡಬೇಡಿ. ಬಾಗೆ ಮರ ನೆಟ್ಟರೆ ಅದರ ಎಲೆಯೂ ರಾತ್ರಿ ಹೀಗೇ ಮಡಚುತ್ತದೆ.

ನಮ್ಮ ಮರ ಬಹಳ ಕಾಲ ಉಳಿಯಲಿಲ್ಲ. ಒಂದು ಬೇಸಿಗೆಯ ನಡುವೆ ಒಂದೇ ಒಂದು ಕೊಂಬೆಯ ಎಲೆ ಹಳದಿಯಾಯಿತು. ಆಮೇಲೆ ಪಕ್ಕದ್ದು. ನೀರು ಕಡಿಮೆಯಾಯಿತೇನೋ ಅಂತ ದಿನಾ ಕೊಡಗಟ್ಟಲೆ ಹೊಯ್ದೆವು. ಕಡಿದಾಗ ನೋಡಿದರೆ ಕಾಂಡದೊಳಗೆ ಕಂದು ಬಣ್ಣದ ಬಳೆ. ಅದು ಫ್ಯುಸೇರಿಯಂ ಎಂಬ ಶಿಲೀಂಧ್ರದ ಗುರುತು ಅಂತ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಮಣ್ಣಿನಿಂದ ಬೇರಿಗೆ ಹೊಕ್ಕು, ನೀರು ಏರುವ ದಾರಿಯನ್ನೇ ಕಟ್ಟಿಬಿಡುತ್ತದೆ. ನೀರಿನ ಆಟದಲ್ಲೇ ಎಲೆ ತೆರೆದು ಮುಚ್ಚುವ ಮರ ನೀರು ಏರದೆ ಸತ್ತಿತು. ಈ ರೋಗ ಹೊಕ್ಕ ಮೇಲೆ ಔಷಧ ಇಲ್ಲ. ಮಣ್ಣಿನಲ್ಲಿ ಅದು ವರ್ಷಗಟ್ಟಲೆ ಉಳಿಯುವುದರಿಂದ ಅದೇ ಗುಂಡಿಯಲ್ಲಿ ಇನ್ನೊಂದು ಮಿಮೋಸ ನೆಡಲೂ ಬಾರದು. ಮರ ಹೋದ ಮೇಲೆ ಅಮ್ಮ ಸಂಜೆ ಗಡಿಯಾರ ನೋಡಿ ಕರೆಯತೊಡಗಿದಳು. ನನಗೆ ಆಟ ಬೇಡವಾಗಿತ್ತು.

ಉಳಿದದ್ದು ಒಂದು ಡಬ್ಬಿ ಬೀಜ. ಚಳಿಗಾಲದಲ್ಲಿ ಒಣಗಿದ ಕಾಯಿಗಳು ಗಾಳಿಗೆ ಗಲಗಲ ಅನ್ನುತ್ತಿದ್ದವು, ಅವನ್ನು ಬಿಡಿಸಿ ಕೂಡಿಟ್ಟಿದ್ದೆ. ಡಬ್ಬಿ ಮನೆಯಿಂದ ಮನೆಗೆ ನನ್ನ ಜೊತೆ ಬಂತು. ಇಷ್ಟು ಹಳೆಯ ಬೀಜ ಹುಟ್ಟುವುದಿಲ್ಲ ಅಂತಲೇ ಅಂದುಕೊಂಡಿದ್ದೆ, ಒಂದು ಸಂಗತಿ ಓದುವ ತನಕ. 1793ರಲ್ಲಿ ಚೀನಾದಲ್ಲಿ ಸಂಗ್ರಹಿಸಿದ ಈ ಮರದ ಬೀಜಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದ್ದವು. 1940ರ ಬಾಂಬ್ ದಾಳಿಯಲ್ಲಿ ಕಟ್ಟಡಕ್ಕೆ ಬೆಂಕಿ ಬಿತ್ತು, ಆರಿಸಲು ನೀರು ಹೊಯ್ದರು, ಒದ್ದೆಯಾದ ಬೀಜಗಳು ಮೊಳೆತವು. 147 ವರ್ಷದ ಮೇಲೆ. ಬೀಜದ ಸಿಪ್ಪೆ ಅಷ್ಟು ಗಟ್ಟಿ, ನೀರು ಒಳಗೆ ಹೋಗಲು ದಾರಿ ಸಿಗುವ ತನಕ ಅದು ಕಾಯುತ್ತದೆ.

ನಾನು ಉಗುರು ಉಜ್ಜುವ ಅರದಿಂದ ಹತ್ತು ಬೀಜಗಳ ಒಂದು ಬದಿಯನ್ನು ಸ್ವಲ್ಪ ತೇಯ್ದೆ, ಬಿಸಿ ನೀರಲ್ಲಿ ರಾತ್ರಿಯಿಡೀ ನೆನೆಸಿದೆ. ಬೆಳಿಗ್ಗೆ ಮೂರು ಉಬ್ಬಿದ್ದವು. ಕುಂಡದಲ್ಲಿ ಹೊಸ ಮಣ್ಣು ಹಾಕಿ ಮೂರನ್ನೂ ಊರಿದೆ. ಒಂದು ಹುಟ್ಟಿತು. ಎರಡು ಬೀಜದಳ ತೆರೆದು, ಅವುಗಳ ನಡುವಿನಿಂದ ಮೊದಲ ಗರಿ ಬಂತು, ಎಣಿಸಿದರೆ ಎಂಟೋ ಒಂಬತ್ತೋ ಜೋಡಿ ಕಿರುಎಲೆ, ಒಂದೊಂದೂ ಅಕ್ಕಿಕಾಳಿಗಿಂತ ಸಣ್ಣದು. ಅಮ್ಮನಿಗೆ ಫೋನ್ ಮಾಡಿ ಹೇಳಿದೆ. ಸಂಜೆ ಕಿಟಕಿಯ ಹತ್ತಿರ ಕೂತು ನೋಡುತ್ತಿದ್ದೆ. ಹೊರಗೆ ಇನ್ನೂ ಚೆನ್ನಾಗಿ ಬೆಳಕಿತ್ತು, ಮಕ್ಕಳು ಆಡುವ ಸದ್ದು ಕೇಳುತ್ತಿತ್ತು. ತುದಿಯ ಜೋಡಿ ಮೊದಲು ಒಂದರ ಕಡೆಗೊಂದು ವಾಲಿತು, ಆಮೇಲೆ ಅದರ ಕೆಳಗಿನದು.